ಹದ್ದಿನ ಕಾಲು

ಅಧ್ಯಕ್ಷರೇ, ಸ್ನೇಹಿತರೇ,

‘ಹದ್ದಿನ ಕಣ್ಣು’ ಎಂಬ ನುಡಿಗಟ್ಟು ನಮ್ಮಲ್ಲಿದೆ, ‘ಹದ್ದಿನ ಕಾಲು’ ಎಂಬುದಿಲ್ಲ. ಬೇಟೆ ಹಕ್ಕಿಗಳಿಗೆ ನಾವು ಮಾಡುತ್ತ ಬಂದಿರುವ ಅನ್ಯಾಯ ಅಲ್ಲಿಂದಲೇ ಶುರುವಾಗುತ್ತದೆ ಎಂಬುದು ನನ್ನ ಹಳೆಯ ತಕರಾರು. ನನ್ನ ಮಾತನ್ನು ಹಿಂದೆ ಕೇಳಿದವರು ಆಗಲೇ ಪಕ್ಕದವರ ಮುಖ ನೋಡಿ ನಗುತ್ತಿರುವುದು ಇಲ್ಲಿಂದ ಕಾಣುತ್ತಿದೆ. ಚಿತ್ರಕಾರರು ಕೊಕ್ಕನ್ನು ತಿದ್ದಿ ತೀಡಿ ಬರೆಯುತ್ತಾರೆ, ಕವಿಗಳು ರೆಕ್ಕೆಗೆ ಮರುಳಾಗುತ್ತಾರೆ. ಸಂಸಾರ ನಡೆಸಿಕೊಡುವ ಕಾಲನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ಈ ಹಕ್ಕಿಗಳ ಗುಂಪಿಗೆ ಇಂಗ್ಲಿಷಿನಲ್ಲಿರುವ ‘ರಾಪ್ಟರ್’ ಎಂಬ ಹೆಸರು ಕೂಡ ‘ಹಿಡಿದು ಸೆಳೆದುಕೊಳ್ಳು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದೇ ಹೊರತು ನೋಡುವುದಕ್ಕೋ ಹಾರುವುದಕ್ಕೋ ಸಂಬಂಧಿಸಿದ್ದಲ್ಲ.

ಕಣ್ಣನ್ನು ನಾನು ಹೀಗಳೆಯುತ್ತಿಲ್ಲ. ದೊಡ್ಡ ಹದ್ದುಗಳ ದೃಷ್ಟಿ ನಮ್ಮದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿ ತೀಕ್ಷ್ಣ. ನಮ್ಮ ಕಣ್ಣಿನೊಳಗೆ ನೋಟ ಅತ್ಯಂತ ಸ್ಪಷ್ಟವಾಗುವ ಕುಳಿ ಒಂದೇ ಒಂದು. ಹಗಲು ಬೇಟೆಯಾಡುವ ಈ ಹಕ್ಕಿಗಳಲ್ಲಿ ಅನೇಕವುಗಳಿಗೆ ಒಂದೊಂದು ಕಣ್ಣಿನಲ್ಲೂ ಅಂತಹ ಎರಡು ಕುಳಿಗಳಿವೆ. ಆದರೂ ಕಣ್ಣು ತೋರಿಸಿಕೊಡುತ್ತದೆ ಅಷ್ಟೇ, ತಂದುಕೊಡುವುದು ಕಾಲು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಹಲವು ವರ್ಷಗಳ ಹಿಂದೆ ರೆಕ್ಕೆಗೆ ಪೆಟ್ಟು ಬಿದ್ದ ಒಂದು ಕರಿ ಹದ್ದನ್ನು ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟರು. ಮುಕ್ಕಾಲು ಕಿಲೋ ತೂಗಿದರೆ ಹೆಚ್ಚು. ಎಡಗೈಗೆ ದಪ್ಪ ಚರ್ಮದ ಕೈಗವಸು ಹಾಕಿಕೊಂಡು ಬಹಳ ಜಾಗರೂಕನಂತೆ ಕುಳಿತಿದ್ದ ನಾನು, ಪೆಟ್ಟಿಗೆಯೊಳಗಿನ ಬಟ್ಟೆ ತೆಗೆಯಲು ಬರಿಗೈಯನ್ನು, ಅಂದರೆ ಬಲಗೈಯನ್ನು ಒಳಗಿಟ್ಟೆ. ಕಚ್ಚೀತೆಂಬ ಭಯದಲ್ಲಿ ನನ್ನ ಗಮನವೆಲ್ಲ ಕೊಕ್ಕಿನ ಮೇಲಿತ್ತು. ಕೊಕ್ಕು ಬಾಯಿ ತೆರೆದು ಸುಮ್ಮನಿತ್ತು. ಮಣಿಕಟ್ಟನ್ನು ಹಿಡಿದದ್ದು ಕಾಲು. ಸಹಜವಾಗಿ ನಾನು ಕೈ ಎಳೆದುಕೊಂಡೆ, ಹಿಡಿತ ಬಿಗಿಯಾಯಿತು. ಇನ್ನಷ್ಟು ಎಳೆದೆ, ಹಿಂಬೆರಳಿನ ಉಗುರು ಇನ್ನಷ್ಟು ಒಳಗಿಳಿಯಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದರೆ ಒಂದು ಬಿಡಿಸುವಷ್ಟರಲ್ಲಿ ಇನ್ನೊಂದು ಕೂರುತ್ತಿತ್ತು. ಸುತ್ತ ನಿಂತಿದ್ದವರ ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಒಬ್ಬರು ನೀರು ಚಿಮುಕಿಸಿ ಎಂದರೆ ಇನ್ನೊಬ್ಬರು ಹಾಗೆಯೇ ಒಂದು ಫೋಟೋ ತೆಗೆದುಕೊಂಡರು. ಕೊನೆಗೆ, ಇಂತಹ ಹಕ್ಕಿಗಳನ್ನು ಸಾಕಿ ಅನುಭವವಿದ್ದ ಹಿರಿಯರೊಬ್ಬರು ಬಂದು, ಬೆರಳನ್ನು ಮುಟ್ಟದೆ, ಮಡಚಿದ್ದ ಕಾಲನ್ನು ಮೆಲ್ಲಗೆ ಹಿಂದಕ್ಕೆ ಚಾಚಿ ನೆಟ್ಟಗೆ ಮಾಡಿದರು. ಮುಷ್ಟಿ ತಾನಾಗಿ ಸಡಿಲಿತು.

ಆ ಮುಷ್ಟಿಯ ಗುಟ್ಟು ಸ್ನಾಯುವಿನ ಬಲವೊಂದರಲ್ಲೇ ಇಲ್ಲ. ಬೆರಳನ್ನು ಮಡಚುವ ಸ್ನಾಯುರಜ್ಜುವಿನ ತಳಭಾಗ ಒರಟು ಗುಬುಟುಗಳಿಂದ ಕೂಡಿದೆ, ಅದು ಓಡಾಡುವ ಒರೆಯ ಒಳಗೋಡೆಯಲ್ಲಿ ಅಡ್ಡ ಏಣುಗಳಿವೆ. ಹಿಡಿದದ್ದು ಕೊಸರಾಡಿದಾಗ ಗುಬುಟುಗಳು ಏಣುಗಳಿಗೆ ಸಿಕ್ಕಿ ಕಚ್ಚಿಕೊಳ್ಳುತ್ತವೆ. ಆಮೇಲೆ ಹಕ್ಕಿ ಹೆಚ್ಚು ಶ್ರಮಪಡದೆ ಹಿಡಿದುಕೊಂಡೇ ಇರಬಲ್ಲದು. ಕಾಲು ಮಡಚಿದರೆ ರಜ್ಜು ಬಿಗಿಯುತ್ತದೆ, ಚಾಚಿದರೆ ಸಡಿಲುತ್ತದೆ. ಹಿರಿಯರು ಮಾಡಿದ್ದು ಇಷ್ಟೇ.

ಈ ದೃಷ್ಟಿಯಿಂದ ನೋಡತೊಡಗಿದರೆ ಕಾಲೇ ಹಕ್ಕಿಯ ಜಾತಕ. ಹಾರುವ ಸಣ್ಣ ಹಕ್ಕಿಗಳನ್ನು ಹಿಡಿಯುವ ಸ್ಪ್ಯಾರೋಹಾಕ್ ಎಂಬ ಗಿಡುಗಕ್ಕೆ ಉದ್ದನೆಯ ಸಪೂರ ಬೆರಳುಗಳು. ಹಾವನ್ನು ಮೆಟ್ಟುವ ಸರ್ಪಹದ್ದಿಗೆ ಗಿಡ್ಡ ಬೆರಳು, ಒರಟು ಹುರುಪೆಯ ಕಾಲು. ಮೀನನ್ನೇ ನಂಬಿದ ಆಸ್ಪ್ರೇ ತನ್ನ ಹೊರಬೆರಳನ್ನು ಹಿಂದಕ್ಕೆ ತಿರುಗಿಸಿ ಎರಡು ಮುಂದೆ, ಎರಡು ಹಿಂದೆ ಮಾಡಿಕೊಳ್ಳುತ್ತದೆ, ಜಾರದಂತೆ ಅಂಗಾಲಿನಲ್ಲಿ ಮುಳ್ಳಿನಂತಹ ಹುರುಪೆಗಳನ್ನೂ ಇಟ್ಟುಕೊಂಡಿದೆ. ಆಫ್ರಿಕಾದ ಸೆಕ್ರೆಟರಿ ಹಕ್ಕಿ ಹಿಡಿಯುವ ಗೋಜಿಗೇ ಹೋಗದೆ ಒದೆಯುತ್ತದೆ. ಆ ಒದೆತವನ್ನು ಅಳೆದು ನೋಡಿದಾಗ ಅದು ಹಕ್ಕಿಯ ಮೈತೂಕದ ಐದು ಪಟ್ಟು ಬಂತು, ಕಾಲು ತಾಗಿದ್ದ ಅವಧಿ ಒಂದು ಸೆಕೆಂಡಿನ 1000 ಭಾಗಗಳಲ್ಲಿ ಬರೀ 15.

ಚಾಣದ, ಅಂದರೆ ಫಾಲ್ಕನ್ ಹಕ್ಕಿಯ ಮಾತೆತ್ತಿ ನನ್ನ ಬಾಯಿ ಮುಚ್ಚಿಸಬಹುದು ಎಂದು ಅಧ್ಯಕ್ಷರು ಕಾಯುತ್ತಿದ್ದಾರೆ, ನಾನೇ ಹೇಳಿಬಿಡುತ್ತೇನೆ. ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಎರಗಬಲ್ಲ ದೊಡ್ಡ ಚಾಣ ಬೇಟೆಗೆ ಹೊಡೆಯುವುದು ಕಾಲಿನಿಂದಲೇ ಆದರೂ, ಕತ್ತಿನ ಮೂಳೆ ಮುರಿದು ಪ್ರಾಣ ತೆಗೆಯುವುದು ಮೇಲ್ಗೊಕ್ಕಿನ ಅಂಚಿನ ಹಲ್ಲಿನಂತಹ ಮೊನೆಯಿಂದ. ಅದೊಂದನ್ನು ಕೊಕ್ಕಿನ ಪಕ್ಷಕ್ಕೆ ಬಿಟ್ಟುಕೊಟ್ಟಿದ್ದೇನೆ. ಇನ್ನೊಂದು ಸೋಲನ್ನೂ ಒಪ್ಪಿಕೊಳ್ಳಬೇಕು: ಕಾಲು ಕಸುಬನ್ನು ಹೇಳುತ್ತದೆ, ಕುಲವನ್ನು ಹೇಳುವುದಿಲ್ಲ. ಚಾಣಗಳು ಹದ್ದು ಗಿಡುಗಗಳಿಗಿಂತ ಗಿಳಿಗಳಿಗೆ ಹತ್ತಿರದ ನೆಂಟರೆಂದು 2008ರಲ್ಲಿ ಪ್ರಕಟವಾದ ದೊಡ್ಡ ವಂಶವಾಹಿ ಅಧ್ಯಯನವೊಂದು ತೋರಿಸಿತು.

ಸಮಯದ ಚೀಟಿ ಬಂದಿದೆ. ಬರೆದುಕೊಂಡು ಬಂದ ಅರ್ಧವೂ ಮುಗಿದಿಲ್ಲ, ಆದರೆ ರಣಹದ್ದನ್ನು ಬಿಟ್ಟು ಇಳಿಯಲಾರೆ. ಅದರ ಕಾಲು ದುರ್ಬಲ. ಉಗುರು ಮೊಂಡು, ಹಿಂಬೆರಳು ಚಿಕ್ಕದು, ನೆಲದ ಮೇಲೆ ನಡೆಯುವುದಕ್ಕೆ ಅನುಕೂಲವೇ ಹೊರತು ಹಿಡಿದು ಕೊಲ್ಲುವುದಕ್ಕಲ್ಲ. ಅಂತಹ ಕಾಲಿನ ಹಕ್ಕಿ ಸತ್ತದ್ದನ್ನೇ ನಂಬಿ ಬದುಕಬೇಕು, ಸತ್ತದ್ದರೊಳಗೆ ಏನಿದೆಯೋ ಅದನ್ನೂ ನುಂಗಬೇಕು. 1990ರ ದಶಕದಿಂದ ಭಾರತ ಉಪಖಂಡದ ರಣಹದ್ದುಗಳು ಒಂದೇ ಸಮನೆ ಸತ್ತವು; ಬಿಳಿಬೆನ್ನಿನ ರಣಹದ್ದುಗಳಲ್ಲಂತೂ 1992ರಿಂದ 2007ರೊಳಗೆ ಸಾವಿರಕ್ಕೆ ಒಂದು ಉಳಿಯಿತು. ದನಗಳಿಗೆ ನೋವು ನಿವಾರಕವಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ, ಒಳ ಅಂಗಗಳ ಮೇಲೆ ಯೂರಿಕ್ ಆಮ್ಲವನ್ನು ಸುಣ್ಣ ಬಳಿದಂತೆ ಹರಡುತ್ತಿತ್ತೆಂದು 2004ರಲ್ಲಿ ಖಚಿತವಾಯಿತು. ಭಾರತ 2006ರಲ್ಲಿ ಅದರ ಪಶು ಬಳಕೆಯನ್ನು ನಿಷೇಧಿಸಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ದನಗಳತ್ತ ಹೋಗದಂತೆ ತಡೆಯುವ ಆಜ್ಞೆ ಬರಲು 2015 ಆಗಬೇಕಾಯಿತು. ಮೆಲಾಕ್ಸಿಕ್ಯಾಮ್ ಎಂಬ ನಿರಪಾಯದ ಬದಲಿ ಮದ್ದು ಅಷ್ಟರಲ್ಲಿ ಗೊತ್ತಿತ್ತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಗೆ ನಮ್ಮ ಕಡತದ ನಡಿಗೆ ಹೇಗೆ ಸರಿಹೊಂದೀತು?

ಡಿಡಿಟಿಯಿಂದ ಚಾಣದ ಮೊಟ್ಟೆಯ ಚಿಪ್ಪು ತೆಳುವಾದ ಕಥೆ, ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದಲ್ಲಿ 2012ರಲ್ಲಿ ರಾಶಿರಾಶಿಯಾಗಿ ಬಲೆಗೆ ಬಿದ್ದ ಅಮುರ್ ಚಾಣಗಳಿಗೆ ಮರುವರ್ಷವೇ ಅಲ್ಲಿನ ಜನ ಕಾವಲಾದ ಕಥೆ, ಇವೆರಡೂ ಇನ್ನೊಂದು ದಿನಕ್ಕೆ ಉಳಿಯಲಿ. ಆ ಕರಿ ಹದ್ದು ಗುಣವಾಗಿ ಹಾರಿಹೋಯಿತು. ಬಲ ಮಣಿಕಟ್ಟಿನ ಮೇಲೆ ಅದು ಬಿಟ್ಟುಹೋದ ನಾಲ್ಕು ಚುಕ್ಕೆಗಳಿವೆ, ಒಂದು ಕಡೆ ಮೂರು, ಇನ್ನೊಂದು ಕಡೆ ಒಂದು. ಆ ಒಂಟಿ ಚುಕ್ಕೆಯೇ ಎಲ್ಲಕ್ಕಿಂತ ಆಳ. ನೋಡಬೇಕೆನ್ನುವವರು ವಂದನಾರ್ಪಣೆಯಾದ ಮೇಲೆ ವೇದಿಕೆಯ ಬಳಿ ಬನ್ನಿ.