ಕನ್ನಡ ನಾಡನ್ನೇ ನೋಡದೆ ಕನ್ನಡ ವ್ಯಾಕರಣ ಬರೆದ ಪಾದ್ರಿ ಮೇಷ್ಟ್ರು

[ದೃಶ್ಯ: ಮಂಗಳೂರಿನ ಬಲ್ಮಠ. ಬೆಳಗಿನ ಹೊತ್ತು. ರಸ್ತೆಯಲ್ಲಿ ಸಿಟಿ ಬಸ್ಸುಗಳು. ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಕಾಂಪೌಂಡು.]

ನಮಸ್ಕಾರ. ನಾನೀಗ ಬಲ್ಮಠದಲ್ಲಿದ್ದೇನೆ. ಮಂಗಳೂರಿನವರಾದರೆ ಈ ಕಾಂಪೌಂಡಿನ ಪಕ್ಕದಲ್ಲೇ ಎಷ್ಟೋ ಸಲ ಓಡಾಡಿರುತ್ತೀರಿ. ಸಭಾಪಾಲಕರಾಗುವವರು, ಅಂದರೆ ಪ್ರೊಟೆಸ್ಟೆಂಟ್ ಚರ್ಚುಗಳ ಪಾದ್ರಿಗಳಾಗುವವರು, ಇಲ್ಲಿ ಓದುತ್ತಾರೆ. ಅವರಿಗೆ ಸಿಗುವ ಬಿ.ಡಿ. ಅನ್ನುವ ಧರ್ಮಶಾಸ್ತ್ರದ ಡಿಗ್ರಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ್ದಲ್ಲ. ಅದು ಬರುವುದು ಪಶ್ಚಿಮ ಬಂಗಾಳದ ಸೆರಾಂಪುರದಿಂದ. ಹೂಗ್ಲಿ ನದಿಯ ದಡದಲ್ಲಿರುವ ಒಂದು ಸಣ್ಣ ಪಟ್ಟಣ ಅದು.

ಎಲ್ಲಿಯ ಬಲ್ಮಠ, ಎಲ್ಲಿಯ ಸೆರಾಂಪುರ, ಅಲ್ವಾ? ಈ ಎರಡು ಊರುಗಳ ನಡುವಿನ ನಂಟು ಹುಡುಕುತ್ತಾ ಹೋದರೆ ಒಬ್ಬ ಪಾದ್ರಿ ಸಿಗುತ್ತಾರೆ. ಹೆಸರು ವಿಲಿಯಂ ಕೇರಿ. ಪಂಗಡ ಬ್ಯಾಪ್ಟಿಸ್ಟ್. ಮೊದಲು ಕಲಿತ ಕಸುಬು ಶೂ ಹೊಲಿಯುವುದು. ಆಮೇಲೆ ಬದುಕಿಡೀ ಮಾಡಿದ್ದು ಮೇಷ್ಟ್ರ ಕೆಲಸ. ಅವರು 1817ರಲ್ಲಿ ಕನ್ನಡಕ್ಕೆ ಒಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದರು. ಕನ್ನಡ ಅಕ್ಷರ ಅಚ್ಚಾಗಿ ಬಂದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಮಂಗಳೂರು ಬಿಡಿ, ಕನ್ನಡ ನಾಡಿಗೇ ಅವರು ಕಾಲಿಟ್ಟವರಲ್ಲ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮೂರಲ್ಲಿ ಪಾದ್ರಿ ಅಂದ ಕೂಡಲೇ ನೆನಪಾಗುವುದು ಇಗರ್ಜಿಯ ಫಾದರ್, ಇಲ್ಲದಿದ್ದರೆ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು. ಬ್ಯಾಪ್ಟಿಸ್ಟರು ಈ ಇಬ್ಬರೂ ಅಲ್ಲ. ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿಗೆ ಕೆಥೊಲಿಕರು ಜ್ಞಾನಸ್ನಾನ ಅನ್ನುತ್ತಾರೆ, ಬಾಸೆಲ್ ಸಭೆಯವರು ದೀಕ್ಷಾಸ್ನಾನ ಅನ್ನುತ್ತಾರೆ. ಎರಡೂ ಕಡೆ ಕೈಕೂಸಿಗೂ ಇದನ್ನು ಮಾಡಿಸುತ್ತಾರೆ. ಬ್ಯಾಪ್ಟಿಸ್ಟರು ಹಾಗೆ ಮಾಡುವುದಿಲ್ಲ. ಬುದ್ಧಿ ತಿಳಿದ ಮೇಲೆ ನೀನೇ ಯೋಚಿಸು, ನೀನೇ ಬಾ, ಪೂರ್ತಿ ನೀರಲ್ಲಿ ಮುಳುಗಿ ಏಳು ಅನ್ನುತ್ತಾರೆ. ಕೇರಿ ಕೂಡ 1783ರಲ್ಲಿ ನಾರ್ಥಾಂಪ್ಟನ್ ಊರಿನ ನದಿಯಲ್ಲಿ ಹಾಗೆ ಮುಳುಗಿ ಎದ್ದವರು. ಪ್ರತಿಯೊಬ್ಬನೂ ತಾನೇ ಓದಿ, ತಾನೇ ತಿಳಿದುಕೊಳ್ಳಬೇಕು ಅನ್ನುವ ಹಟ ಅವರಿಗೆ ಅಲ್ಲಿಂದಲೇ ಬಂತು ಅಂತ ನನಗನಿಸುತ್ತದೆ.

[ದೃಶ್ಯ: ಹಳೆಯ ಶೂ, ಉಳಿ, ದಾರ. ಗೋಡೆಗೆ ಅಂಟಿಸಿದ ಕೈಬರಹದ ಭೂಪಟದ ಚಿತ್ರ.]

ಕೇರಿ ಹುಟ್ಟಿದ್ದು 1761ರ ಆಗಸ್ಟ್ 17ರಂದು, ಇಂಗ್ಲೆಂಡಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ. ಅಪ್ಪ ನೇಕಾರ. ಆಮೇಲೆ ಅದೇ ಹಳ್ಳಿಯ ಶಾಲೆಗೆ ಮೇಷ್ಟ್ರಾದರು. ಹುಡುಗನಿಗೆ ಒಂದು ಚರ್ಮದ ಕಾಯಿಲೆ. ಬಿಸಿಲಿಗೆ ಹೋದರೆ ಮೈ ಉರಿ. ಹೊಲದ ಕೆಲಸ ಆಗುವಂತಿರಲಿಲ್ಲ. ಅದಕ್ಕೇ ಶೂ ಹೊಲಿಯುವವರ ಹತ್ತಿರ ಕೆಲಸಕ್ಕೆ ಬಿಟ್ಟರು.

ಅಲ್ಲೇ ಓದು ಹತ್ತಿಕೊಂಡಿತು. ಲ್ಯಾಟಿನ್, ಗ್ರೀಕ್, ಹೀಬ್ರೂ, ಡಚ್, ಫ್ರೆಂಚ್ ಒಂದೊಂದಾಗಿ ಕಲಿತರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮುಂದೆ ಮೌಲ್ಟನ್ ಎಂಬ ಹಳ್ಳಿಯ ಸಣ್ಣ ಸಭೆಗೆ ಪಾಲಕರಾದರು. ಸಭೆ ಕೊಡುವ ಸಂಬಳ ಹೊಟ್ಟೆಗೆ ಸಾಲುತ್ತಿರಲಿಲ್ಲ. ಹಾಗಾಗಿ ಶಾಲೆಯನ್ನೂ ನಡೆಸಿದರು, ಶೂವನ್ನೂ ಹೊಲಿದರು.

ಆ ಕೆಲಸದ ಕೋಣೆಯ ಗೋಡೆಯಲ್ಲಿ ಒಂದು ಭೂಪಟ ಇತ್ತು. ಅಂಗಡಿಯಿಂದ ತಂದದ್ದಲ್ಲ. ಕಾಗದದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಅವರೇ ಬರೆದದ್ದು. ಒಂದೊಂದು ದೇಶದ ಮೇಲೂ ಅಲ್ಲಿ ಎಷ್ಟು ಜನ, ಯಾವ ಧರ್ಮ, ಏನು ಬೆಳೆ ಅಂತ ಓದಿ ತಿಳಿದಷ್ಟನ್ನು ಬರೆದಿಟ್ಟಿದ್ದರು. ಕೈಯಲ್ಲಿ ಹೊಲಿಗೆ, ಕಣ್ಣು ಗೋಡೆಯ ಮೇಲೆ. ಇಂಡಿಯಾ ಅವರ ಕಣ್ಣಿಗೆ ಮೊದಲು ಬಿದ್ದದ್ದು ಹೀಗೆ, ತಾನೇ ಅಂಟಿಸಿದ ಕಾಗದದಲ್ಲಿ.

ಎಷ್ಟೋ ವರ್ಷದ ನಂತರ ಗವರ್ನರ್ ಜನರಲ್ ಮನೆಯ ಊಟಕ್ಕೆ ಕರೆ ಬಂತು. ಅಲ್ಲಿ ಒಬ್ಬ ಸೇನಾಧಿಕಾರಿ, ಈ ಕೇರಿ ಹಿಂದೆ ಶೂ ಮಾಡುತ್ತಿದ್ದವನಲ್ಲವೇ ಅಂತ ಕೇಳಿದನಂತೆ. ಕೇರಿಗೆ ಕೇಳಿಸಿತು. ಶೂ ಮಾಡುವವನಲ್ಲ ಸ್ವಾಮಿ, ಹಳೇ ಶೂಗೆ ಹೊಲಿಗೆ ಹಾಕುವವನು ಅಷ್ಟೇ ಅಂದರು. ನನಗೆ ಈ ಮಾತು ತುಂಬಾ ಇಷ್ಟ. ಎಲ್ಲಿಂದ ಬಂದೆ ಅನ್ನುವುದನ್ನು ಅವರು ಯಾವತ್ತೂ ಮುಚ್ಚಿಡಲಿಲ್ಲ.

[ದೃಶ್ಯ: ಸಮುದ್ರ. ಪಣಂಬೂರು ಕಡಲ ತೀರದಿಂದ ದೂರದಲ್ಲಿ ಒಂದು ಹಡಗು.]

1792ರಲ್ಲಿ ಕೆಟರಿಂಗ್ ಎಂಬ ಊರಿನಲ್ಲಿ ಬ್ಯಾಪ್ಟಿಸ್ಟ್ ಮಿಷನ್ ಶುರುವಾಯಿತು. ಮರುವರ್ಷವೇ ಕೇರಿ ಹೊರಟರು. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಬರುವುದು ಬೇಕಿರಲಿಲ್ಲ. ವ್ಯಾಪಾರ ಕೆಡುತ್ತದೆ ಅನ್ನುವ ಭಯ. ಹಾಗಾಗಿ ಡೆನ್ಮಾರ್ಕಿನ ಹಡಗು ಹತ್ತಿ, 1793ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಇಳಿದರು.

ಇಲ್ಲಿ ಅವರ ಹೆಂಡತಿ ಡೊರೊತಿಯ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮದುವೆಯ ರಿಜಿಸ್ಟರಿನಲ್ಲಿ ಸಹಿ ಹಾಕಲು ಬಾರದೆ ಗೀಟು ಎಳೆದಿದ್ದ ಹೆಂಗಸು ಅವರು. ಇಂಡಿಯಾಕ್ಕೆ ಬರುವುದಿಲ್ಲ ಅಂತ ಮೊದಲು ಖಡಾಖಂಡಿತವಾಗಿ ಹೇಳಿದ್ದರು. ಮಡಿಲಲ್ಲಿ ಆಗಷ್ಟೇ ಹುಟ್ಟಿದ ಕೂಸು. ಕೊನೆಗೆ ತಂಗಿಯೂ ಜೊತೆಗೆ ಬರುವುದಾದರೆ ಬರುತ್ತೇನೆ ಅಂತ ಒಪ್ಪಿದರು. ಬಂಗಾಳಕ್ಕೆ ಬಂದು ಒಂದು ವರ್ಷ ಆಗುವಷ್ಟರಲ್ಲಿ, 1794ರಲ್ಲಿ, 5 ವರ್ಷದ ಮಗ ಪೀಟರ್ ತೀರಿಹೋದ. ಆಮೇಲೆ ಡೊರೊತಿಯ ಮನಸ್ಸು ಸರಿಹೋಗಲೇ ಇಲ್ಲ. 1807ರಲ್ಲಿ ಸಾಯುವವರೆಗೂ ಆ ಕಾಯಿಲೆ ಬಿಡಲಿಲ್ಲ. ಒಂದು ಕೋಣೆಯಲ್ಲಿ ಅವರ ಕೂಗಾಟ, ಪಕ್ಕದ ಕೋಣೆಯಲ್ಲಿ ಕೇರಿಯ ಬೈಬಲ್ ಅನುವಾದ. ಕೇರಿಯನ್ನು ನಾನು ತುಂಬಾ ಗೌರವಿಸುತ್ತೇನೆ. ಆದರೂ ಆ ಕೆಲಸದ ಬೆಲೆಯಲ್ಲಿ ದೊಡ್ಡ ಪಾಲು ತೆತ್ತವರು ಡೊರೊತಿ. ಅವರನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ.

ಹೊಟ್ಟೆಪಾಡಿಗೆ ಕೇರಿ ಆರು ವರ್ಷದ ಹತ್ತಿರ ಒಂದು ನೀಲಿ ಕಾರ್ಖಾನೆ ನೋಡಿಕೊಂಡರು. ನೀಲಿ ಅಂದರೆ ಗಿಡದಿಂದ ತೆಗೆಯುವ ಬಣ್ಣ. ಅಲ್ಲಿ ಕೂಲಿಯವರ ಬಾಯಿಂದಲೂ ಬಂಗಾಳಿ ಕಲಿತರು. 1800ರ ಜನವರಿಯಲ್ಲಿ ಸೆರಾಂಪುರ ಸೇರಿದರು. ಆಗ ಅದು ಡೆನ್ಮಾರ್ಕಿನ ಕೈಯಲ್ಲಿತ್ತು. ಕಂಪನಿಯ ಕಾಟ ಇಲ್ಲ. ಜೋಷುವಾ ಮಾರ್ಷ್‌ಮನ್ ಅಂತ ಒಬ್ಬ ಶಾಲಾ ಮೇಷ್ಟ್ರು, ವಿಲಿಯಂ ವಾರ್ಡ್ ಅಂತ ಒಬ್ಬ ಅಚ್ಚುಕೆಲಸದವರು ಜೊತೆಯಾದರು. ಒಂದೇ ಅಡುಗೆಮನೆ, ಒಂದೇ ಹಣದ ಪೆಟ್ಟಿಗೆ. 1801ರಿಂದ ಕೇರಿಗೆ ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 500 ರೂಪಾಯಿ, ಆ ಕಾಲಕ್ಕೆ ತುಂಬಾ ದೊಡ್ಡ ಹಣ. ಅದರಲ್ಲಿ ಬಹುಪಾಲು ಆ ಪೆಟ್ಟಿಗೆಗೇ ಹೋಯಿತು.

[ದೃಶ್ಯ: ಅಚ್ಚುಮೊಳೆಗಳ ಪೆಟ್ಟಿಗೆ, ತೀರಾ ಹತ್ತಿರದಿಂದ.]

ಈಗ ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವ ನಮಗೆ ಆಗಿನ ಕಷ್ಟ ಗೊತ್ತಾಗುವುದಿಲ್ಲ. ಒಂದು ಅಕ್ಷರ ಅಚ್ಚಾಗಬೇಕಾದರೆ ಮೊದಲು ಉಕ್ಕಿನ ಸಣ್ಣ ಕಡ್ಡಿಯ ತುದಿಯಲ್ಲಿ ಅದನ್ನು ಉಲ್ಟಾ ಕೆತ್ತಬೇಕು. ಕಡ್ಡಿಯನ್ನು ತಾಮ್ರದ ತುಂಡಿನ ಮೇಲಿಟ್ಟು ಹೊಡೆದರೆ ಅಕ್ಷರದ ಗುಳಿ ಬೀಳುತ್ತದೆ. ಆ ಗುಳಿಗೆ ಕರಗಿದ ಸೀಸ ಹೊಯ್ದರೆ ಒಂದು ಮೊಳೆ ಸಿದ್ಧ. ಇಂಗ್ಲಿಷಿಗಾದರೆ ಕೆಲವೇ ಅಕ್ಷರ. ನಮ್ಮದು? ಸುಮ್ನೆ ಲಕ್ಷ್ಮೀ ಅಂತ ಬರೆದು ನೋಡಿ. ಒಂದು ಕ, ಅದಕ್ಕೆ ಷ ಒತ್ತು, ಮ ಒತ್ತು, ತಲೆ ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. ಒಂದೇ ಅಕ್ಷರಕ್ಕೆ ಇಷ್ಟು ಸಂಸಾರ, ಮಾರಾಯ್ರೆ!

ಸೆರಾಂಪುರದಲ್ಲಿ ಈ ಕೆತ್ತನೆ ಕೆಲಸ ಶುರು ಮಾಡಿದವರು ಪಂಚಾನನ ಕರ್ಮಕಾರ್ ಎಂಬ ಬಂಗಾಳಿ ಕಮ್ಮಾರರು. ಆಮೇಲೆ ಅವರ ಅಳಿಯ ಮನೋಹರ ಅದನ್ನು ಮುಂದುವರಿಸಿದರು. ಕೇರಿಯ ಹೆಸರು ಹೇಳುವಲ್ಲೆಲ್ಲ ಈ ಇಬ್ಬರ ಹೆಸರನ್ನೂ ಹೇಳಬೇಕು. ಅವರ ಕೈ ಇಲ್ಲದಿದ್ದರೆ ಕೇರಿ ಬರೆದದ್ದು ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು.

1812ರ ಮಾರ್ಚ್ 11ರ ಸಂಜೆ ಸೆರಾಂಪುರದ ಪ್ರೆಸ್ಸಿಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಬೂದಿಯಾದವು. ಎಷ್ಟೋ ಭಾಷೆಗಳ ಮೊಳೆಗಳು ಕರಗಿ ಸೀಸದ ಗಡ್ಡೆಯಾದವು. ಕೇರಿ ಕಲ್ಕತ್ತಾದಿಂದ ಬಂದು ಆ ಬೂದಿಯ ನಡುವೆ ನಿಂತು ಅತ್ತರು. ಆದರೆ ಅವಶೇಷ ಕೆದಕುವಾಗ ಉಕ್ಕಿನ ಕಡ್ಡಿಗಳು ಹಾಗೇ ಸಿಕ್ಕವು. ಅವು ಕರಗಿರಲಿಲ್ಲ. ಅದೇ ಸೀಸವನ್ನು ಮತ್ತೆ ಕಾಯಿಸಿ, ಮತ್ತೆ ಹೊಯ್ದು, ಸುಟ್ಟುಹೋದದ್ದನ್ನು ಮೊದಲಿಂದ ಬರೆಯಲು ಕೂತರು. ತನಗೆ ದೊಡ್ಡ ಪ್ರತಿಭೆ ಏನೂ ಇಲ್ಲ, ಹಿಡಿದ ಕೆಲಸ ಬಿಡದೆ ಎಳೆಯಲು ಬರುತ್ತದೆ ಅಷ್ಟೇ ಅನ್ನುವ ಅರ್ಥದ ಮಾತನ್ನು ಕೇರಿ ತಮ್ಮ ಬಗ್ಗೆ ಹೇಳಿಕೊಂಡಿದ್ದರು.

ಆ ಬೆಂಕಿಯಾಗಿ 5 ವರ್ಷಕ್ಕೆ ಕನ್ನಡ ವ್ಯಾಕರಣ ಬಂತು. ನಮ್ಮ ಭಾಷೆಗೆ ವ್ಯಾಕರಣ ಹೊಸತೇನಲ್ಲ. 13ನೇ ಶತಮಾನದಲ್ಲೇ ಕೇಶಿರಾಜ ಬರೆದಿದ್ದ. ಆದರೆ ಅದು ಹಳಗನ್ನಡದ ಪದ್ಯಗಳಲ್ಲಿ, ಪಂಡಿತರಿಗೆ. ಕೇರಿಯದ್ದು ಇಂಗ್ಲಿಷಿನಲ್ಲಿ, ಕನ್ನಡ ಒಂದಕ್ಷರವೂ ಬಾರದವರಿಗೆ ಕಲಿಸಲು ಬರೆದದ್ದು. ದೂರದ ಬಂಗಾಳದಲ್ಲಿ ಕೂತು, ಕನ್ನಡದ ಒಂದು ಊರನ್ನೂ ಕಾಣದೆ ಬರೆದ ಪುಸ್ತಕದಲ್ಲಿ ಕೊರತೆ ಇಲ್ಲದಿರುತ್ತದಾ? ಅವರ ಅನುವಾದಗಳಲ್ಲೂ ಅವಸರ ಇತ್ತು. ಹೆಚ್ಚಿನವನ್ನು ಮುಂದೆ ಬಂದವರು ತಿದ್ದಿ ಬರೆಯಬೇಕಾಯಿತು. ಹಾಗಾದರೆ ಉಳಿದದ್ದು ಏನು? ನನ್ನ ಲೆಕ್ಕದಲ್ಲಿ, ಕಲಿಸುವ ಕೆಲಸ.

[ದೃಶ್ಯ: ಹಳ್ಳಿ ಶಾಲೆಯ ಜಗಲಿ. ಸ್ಲೇಟು ಹಿಡಿದ ಮಕ್ಕಳ ರೇಖಾಚಿತ್ರ.]

ಸೆರಾಂಪುರದ ಸುತ್ತಮುತ್ತ ಕೇರಿ, ಮಾರ್ಷ್‌ಮನ್ ಸೇರಿ ನೂರಕ್ಕೂ ಜಾಸ್ತಿ ಹಳ್ಳಿ ಶಾಲೆ ನಡೆಸಿದರು. ಪಾಠ ಇಂಗ್ಲಿಷಿನಲ್ಲಲ್ಲ, ಮನೆಮಾತು ಬಂಗಾಳಿಯಲ್ಲಿ. ಮಗು ತಾಯಿಯ ಹತ್ತಿರ ಮಾತಾಡುವ ಭಾಷೆಯಲ್ಲೇ ಭೂಗೋಳ, ಲೆಕ್ಕ, ವಿಜ್ಞಾನ ಕಲಿಯಬೇಕು ಅನ್ನುವುದು ಅವರ ನಿಲುವು. ಇವತ್ತೂ ನಾವು ಇದೇ ವಿಷಯಕ್ಕೆ ಜಗಳ ಆಡುತ್ತಿದ್ದೇವೆ. 1818ರಲ್ಲಿ ಸಮಾಚಾರ ದರ್ಪಣ ಎಂಬ ಬಂಗಾಳಿ ಪತ್ರಿಕೆ ಆ ಪ್ರೆಸ್ಸಿನಿಂದ ಹೊರಟಿತು. ನಮ್ಮ ಮಂಗಳೂರ ಸಮಾಚಾರ ಬಂದದ್ದು 25 ವರ್ಷದ ನಂತರ, 1843ರಲ್ಲಿ. ಅದನ್ನು ತಂದ ಹರ್ಮನ್ ಮೊಗ್ಲಿಂಗ್ ಕೂಡ ಒಬ್ಬ ಪಾದ್ರಿ ಮೇಷ್ಟ್ರೇ.

1818ರಲ್ಲೇ ಸೆರಾಂಪುರ ಕಾಲೇಜು ಶುರುವಾಯಿತು. ಕ್ರೈಸ್ತರಿಗೆ ಮಾತ್ರ ಅಂತ ಇರಲಿಲ್ಲ. ಯಾವ ಜಾತಿ, ಯಾವ ಧರ್ಮದ ಹುಡುಗನಾದರೂ ಬರಬಹುದಿತ್ತು. 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೇ ಫ್ರೆಡೆರಿಕ್ ಅದಕ್ಕೆ ಡಿಗ್ರಿ ಕೊಡುವ ಅಧಿಕಾರ ಬರೆದುಕೊಟ್ಟ. ಬಲ್ಮಠದಲ್ಲಿ ಓದಿದವರ ಕೈಗೆ ಇವತ್ತಿಗೂ ಬರುವ ಡಿಗ್ರಿಯ ಬೇರು ಆ ಸನ್ನದಿನಲ್ಲೇ ಉಂಟು.

ಇನ್ನೊಂದು ಬೆಳಗಿನ ಕಥೆ. 1799ರಲ್ಲಿ ಕೇರಿ ನದಿ ದಡದಲ್ಲಿ ಒಬ್ಬ ಹೆಂಗಸು ಗಂಡನ ಚಿತೆಯಲ್ಲಿ ಬೇಯುವುದನ್ನು ಕಣ್ಣಾರೆ ಕಂಡಿದ್ದರು. ಬೇಡ ಬೇಡ ಅಂತ ಕೇರಿ ಕೂಗಿದರೂ ಯಾರೂ ಕೇಳಲಿಲ್ಲ. 30 ವರ್ಷ ಕಳೆದು, 1829ರ ಡಿಸೆಂಬರಿನ ಒಂದು ಭಾನುವಾರ ಸರ್ಕಾರದಿಂದ ಒಂದು ಕಾಗದ ಬಂತು. ಸತಿ ಪದ್ಧತಿ ನಿಷೇಧಿಸುವ ಕಾನೂನು, ಬಂಗಾಳಿಗೆ ಅನುವಾದ ಆಗಬೇಕು. ಅವತ್ತು ಅವರು ಚರ್ಚಿನಲ್ಲಿ ಉಪದೇಶ ಮಾಡಬೇಕಿತ್ತು. ಅದನ್ನು ಬೇರೆಯವರಿಗೆ ಒಪ್ಪಿಸಿ, ಕೋಟು ತೆಗೆದಿಟ್ಟು, ತಮ್ಮ ಪಂಡಿತರನ್ನು ಕರೆಸಿ ಕೂತರು. ಒಂದು ಗಂಟೆ ತಡ ಮಾಡಿದರೂ ಎಷ್ಟು ಜೀವ ಹೋಗುತ್ತದೋ ಅನ್ನುವ ಚಡಪಡಿಕೆ. ಸಂಜೆಯಷ್ಟರಲ್ಲಿ ಮುಗಿಸಿಕೊಟ್ಟರು. ಆಗ ಅವರಿಗೆ 68 ವರ್ಷ.

1834ರ ಜೂನ್ 9ರಂದು ಸೆರಾಂಪುರದಲ್ಲೇ ಕೇರಿ ತೀರಿಕೊಂಡರು. 41 ವರ್ಷದಲ್ಲಿ ಒಂದು ಸಲವೂ ಊರಿಗೆ ಹೋಗಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಶಾಲೆ, ಪ್ರೆಸ್ಸು, 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಎಲ್ಲ ಅಲ್ಲಿಂದ ಮುಂದಿನದು.

[ದೃಶ್ಯ: ಘಟ್ಟದ ಬುಡದ ಕಾಡು. ನೆಲದ ಮೇಲೆ ಉದುರಿದ ಹೂಗಳು.]

ಕೇರಿ ಗಿಡಮರಗಳ ಹುಚ್ಚಿನವರು. ದೊಡ್ಡ ತೋಟ ಮಾಡಿದ್ದರು. ಅವರ ಗೆಳೆಯ, ಸಸ್ಯಶಾಸ್ತ್ರಿ ರಾಕ್ಸ್‌ಬರ್ಗ್ ಒಂದು ಜಾತಿಯ ಮರಕ್ಕೆ ಕೇರಿಯ ಹೆಸರನ್ನೇ ಇಟ್ಟರು, ಕೇರಿಯಾ ಅಂತ. ಆ ಮರ ನಮ್ಮಲ್ಲೂ ಉಂಟು. ಕವಲು ಮರ ಅನ್ನುತ್ತಾರೆ, ದಡ್ಡಾಲ ಅಂತಲೂ ಕರೆಯುತ್ತಾರೆ. ಬೇಸಿಗೆಯಲ್ಲಿ ಕಾರ್ಕಳದಿಂದ ಘಟ್ಟದ ಕಡೆ ಹೋದರೆ ಹುಡುಕಿ ನೋಡಿ. ಬಿಳಿ ಎಸಳು, ನಡುವೆ ಕುಂಚದ ಹಾಗೆ ನೂರಾರು ನಸುಗೆಂಪು ಕೇಸರ. ಬೆಳಿಗ್ಗೆ ಬೇಗ ಹೋಗಬೇಕು. ಆ ಹೂ ರಾತ್ರಿ ಅರಳಿ, ಬೆಳಕು ಹರಿಯುವಾಗ ಉದುರಲು ಶುರುವಾಗುತ್ತದೆ.