ಅಂಗಳದ ಗುಂಡಿ, ಬೇಲಿಯಡಿಯ ಗುಂಡಿ

ಕೇಳುಗರಿಗೆ ನಮಸ್ಕಾರ.

ಬೇಸಿಗೆ ಶುರುವಾಯಿತೆಂದರೆ ನಮ್ಮಂಥ ಪಶುವೈದ್ಯರಿಗೆ ಈ ದೂರು ತಪ್ಪಿದ್ದಲ್ಲ. "ಡಾಕ್ಟ್ರೇ, ನಾಯಿ ಹಿತ್ತಲೆಲ್ಲ ಅಗೆದು ಹಾಕಿದೆ, ಒಂದು ಗುಲಾಬಿ ಗಿಡ ಉಳಿದಿಲ್ಲ" ಅಂತ ಒಬ್ಬರು. "ಗೇಟಿನ ಅಡಿಯಲ್ಲಿ ತೋಡಿಕೊಂಡು ರಾತ್ರಿ ಹೊರಗೆ ಹೋಗ್ತದೆ, ಕಟ್ಟಿಹಾಕಿಬಿಡಲಾ?" ಅಂತ ಇನ್ನೊಬ್ಬರು. ಇಬ್ಬರಿಗೂ ನಾನು ಮೊದಲು ಕೇಳುವುದು, ಗುಂಡಿ ಎಲ್ಲಿದೆ, ಯಾವ ಹೊತ್ತಿನಲ್ಲಿ ತೋಡುತ್ತದೆ ಅಂತ. ನಾಯಿಗೆ ಏನು ಬೇಕಾಗಿದೆ ಅನ್ನುವುದು ಮುಕ್ಕಾಲು ಪಾಲು ಅದರಲ್ಲೇ ತಿಳಿಯುತ್ತದೆ. ಗುಂಡಿ ಮುಚ್ಚುವ ಅವಸರದಲ್ಲಿ ಅದನ್ನು ಯಾರೂ ನೋಡಿರುವುದಿಲ್ಲ.

ಮಾವಿನ ಮರದ ಬುಡದಲ್ಲೋ, ನೀರಿನ ತೊಟ್ಟಿಯ ಪಕ್ಕದಲ್ಲೋ, ಮಧ್ಯಾಹ್ನದ ಹೊತ್ತಿಗೆ ತೋಡಿ ಅದರೊಳಗೇ ಮಲಗಿದೆಯಾ? ಹಾಗಿದ್ದರೆ ಅದಕ್ಕೆ ಸೆಕೆ. ನಾಯಿಯ ಮೈಯೆಲ್ಲ ನಮ್ಮ ಹಾಗೆ ಬೆವರುವುದಿಲ್ಲ. ಬೆವರುವುದು ಅಂಗಾಲಿನಲ್ಲಿ ಮಾತ್ರ, ಉಳಿದ ಬಿಸಿಯನ್ನೆಲ್ಲ ನಾಲಗೆ ಚಾಚಿ ಏದುಸಿರು ಬಿಟ್ಟೇ ಕಳೆಯಬೇಕು. ಮೇಲಿನ ಒಣ ಮಣ್ಣನ್ನು ಕೆರೆದರೆ ಅಡಿಯಲ್ಲಿ ತಣ್ಣನೆಯ ಹಸಿ ಮಣ್ಣು ಸಿಗುತ್ತದೆ, ಕೂದಲು ಕಡಿಮೆ ಇರುವ ಹೊಟ್ಟೆಯನ್ನು ಅದಕ್ಕೆ ಒತ್ತಿ ಮಲಗಿದರೆ ಹಾಯಾಗಿರುತ್ತದೆ. ತಪ್ಪೇನಿದೆ? ನೆರಳಿನಲ್ಲಿ ಒದ್ದೆ ಗೋಣಿಚೀಲ ಹಾಸಿ, ಅಗಲವಾದ ಪಾತ್ರೆಯಲ್ಲಿ ನೀರಿಡಿ. ತಗಡಿನ ಗೂಡು ಮಾಡಿಸಿದ್ದರೆ ಬಿಸಿಲಿನಿಂದ ಎತ್ತಿಡಿ. ಸಾಕಷ್ಟು ನಾಯಿಗಳು ಇಷ್ಟಕ್ಕೇ ಅಗೆಯುವುದನ್ನು ಬಿಡುತ್ತವೆ.

ಹೂವಿನ ಪಾತಿಯನ್ನೇ ಹುಡುಕಿಕೊಂಡು ಹೋಗಿ ಅಗೆಯುತ್ತಿದ್ದರೆ ಗಿಡಕ್ಕೆ ಹಾಕಿದ ಗೊಬ್ಬರ ನೆನಪು ಮಾಡಿಕೊಳ್ಳಿ. ಎಲುಬಿನ ಪುಡಿ ಹಾಕಿದ್ದೀರಾ? ನಿಮಗೆ ಅದು ಗೊಬ್ಬರ, ನಾಯಿಯ ಮೂಗಿಗೆ ಊಟ. ಅದರ ಜೊತೆಗೆ ಹರಳು ಹಿಂಡಿಯನ್ನೂ ಬೆರೆಸಿದ್ದರೆ ಗಿಡದ ಚಿಂತೆ ಬಿಡಿ, ನಾಯಿಯ ಜೀವಕ್ಕೇ ಅಪಾಯ. ಹರಳು ಹಿಂಡಿಯಲ್ಲಿ, ಉತ್ತರ ಕರ್ನಾಟಕದವರು ಔಡಲ ಹಿಂಡಿ ಅನ್ನುತ್ತಾರಲ್ಲ ಅದರಲ್ಲಿ, ರೈಸಿನ್ ಎಂಬ ವಿಷ ಉಳಿದಿರಬಹುದು. ಎಲುಬಿನ ವಾಸನೆಗೆ ಮರುಳಾಗಿ ನಾಯಿ ಎರಡನ್ನೂ ತಿನ್ನುತ್ತದೆ. ಲಕ್ಷಣ ಕೆಲವೇ ಗಂಟೆಗಳಲ್ಲಿ ಕಾಣಿಸಬಹುದು, ಮಾರನೆಯ ದಿನವೂ ಆಗಬಹುದು. ವಾಂತಿ, ರಕ್ತ ಬೆರೆತ ಭೇದಿ, ಸುಸ್ತು. ತಿಂದದ್ದು ಗೊತ್ತಾದ ಕೂಡಲೇ, ಲಕ್ಷಣಕ್ಕೆ ಕಾಯದೆ, ಆಸ್ಪತ್ರೆಗೆ ತನ್ನಿ. ಗೊಬ್ಬರದ ಚೀಲವನ್ನೂ ತಂದರೆ ನಮಗೆ ಅನುಕೂಲ. ನಾಯಿ ಇರುವ ಮನೆಯಲ್ಲಿ ಇವೆರಡನ್ನೂ ಬಿಟ್ಟು ಕಾಂಪೋಸ್ಟ್ ಹಾಕುವುದೇ ಒಳ್ಳೆಯದು.

ಗೋಡೆಯ ಬುಡದಲ್ಲಿ, ಕಟ್ಟಿಗೆ ರಾಶಿಯ ಪಕ್ಕದಲ್ಲಿ, ಸಂಜೆ ಕತ್ತಲಾದ ಮೇಲೆ ಕೆರೆಯುತ್ತಿದ್ದರೆ ಒಳಗೆ ಹೆಗ್ಗಣ ಇದೆ ಅಂತ ತಿಳಿಯಿರಿ. ಡ್ಯಾಶ್‌ಹೌಂಡ್ ಸಾಕಿದವರಂತೂ ಇದಕ್ಕೆ ಸಿದ್ಧರಾಗಿಯೇ ಇರಬೇಕು. ಬಿಲಕ್ಕೆ ನುಗ್ಗಿ ಬೇಟೆ ಹಿಡಿಯಲೆಂದೇ ಜರ್ಮನಿಯಲ್ಲಿ ಬೆಳೆಸಿದ ತಳಿ ಅದು, ನಮ್ಮ ಹೆಗ್ಗಣವನ್ನು ಕಂಡು ಸುಮ್ಮನಿರು ಅಂದರೆ ಇರುತ್ತದೆಯೇ? ಹಾಗಂತ ಬಿಲಕ್ಕೆ ಇಲಿ ಪಾಷಾಣ ಹಾಕಲು ಹೋಗಬೇಡಿ. ವಿಷ ತಿಂದು ಸತ್ತ ಹೆಗ್ಗಣವನ್ನು ನಾಯಿ ತಿಂದರೆ ಆ ವಿಷ ನಾಯಿಗೂ ಏರಬಹುದು. ಹೆಗ್ಗಣದ ಬಿಲದಲ್ಲಿ ಎಷ್ಟೋ ಸಲ ನಾಗರಹಾವು ಇರುತ್ತದೆ ಅನ್ನುವುದನ್ನು ಹಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ. ಬೋನು ಇಡಿ, ಕಟ್ಟಿಗೆ ರಾಶಿಯನ್ನು ನೆಲದಿಂದ ಮೇಲೆತ್ತಿ ಜೋಡಿಸಿ, ಮುಸುರೆ ಚೆಲ್ಲುವ ಜಾಗ ಚೊಕ್ಕಟವಾಗಿಡಿ.

ಗಬ್ಬದ ನಾಯಿಯ ಮಾತು ಬೇರೆ. ಸುಮಾರು 63 ದಿನ ತುಂಬುತ್ತಾ ಬಂದ ಹಾಗೆ ಅದು ಮರಿಗಳಿಗಾಗಿ ಮೂಲೆ ಹುಡುಕಿ ಕೆರೆಯುತ್ತದೆ. ಒಂದು ಪೆಟ್ಟಿಗೆಯಲ್ಲಿ ಹಳೆಯ ಸೀರೆ ಹಾಕಿ ಕೊಡಿ, ಅಷ್ಟೇ.

ಇನ್ನು ಬೇಲಿಯಡಿಯ ಗುಂಡಿ. ಇದು ನಿಜಕ್ಕೂ ಕಷ್ಟದ್ದು, ಯಾಕೆಂದರೆ ಇಲ್ಲಿ ನಾಯಿಗೆ ಬೇಕಾದದ್ದು ಅಂಗಳದ ಹೊರಗಿದೆ. ಬೆದೆಗೆ ಬಂದ ಹೆಣ್ಣಿನ ವಾಸನೆ ಸಿಕ್ಕಿದ ಗಂಡು ಉಗುರು ಕಿತ್ತು ರಕ್ತ ಬಂದರೂ ತೋಡುವುದನ್ನು ಬಿಡುವುದಿಲ್ಲ. ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಸರಿ. ಅಲೆದಾಟ ತೀರಾ ನಿಲ್ಲದಿದ್ದರೂ ಹೆಚ್ಚಿನ ಗಂಡುಗಳಲ್ಲಿ ಕಡಿಮೆಯಾಗುತ್ತದೆ. ಮುಧೋಳ ನಾಯಿಯ ಕಥೆ ಇನ್ನೊಂದು. ಅದು ಕಣ್ಣಿನಿಂದ ಬೇಟೆ ಹುಡುಕುವ ತಳಿ. ಗೇಟಿನ ಸರಳುಗಳ ಸಂದಿಯಿಂದ ಬೆಕ್ಕೋ ಆಡಿನ ಮರಿಯೋ ಕಂಡರೆ ಸಾಕು, ಮೇಲಿನಿಂದ ಹಾರುತ್ತದೆ, ಆಗದಿದ್ದರೆ ಅಡಿಯಿಂದ ಹೊರಡುತ್ತದೆ. ಗೇಟಿನ ಕೆಳಭಾಗಕ್ಕೆ ತಗಡಿನ ಹಾಳೆ ಹೊಡೆಸಿ ನೋಟ ಮುಚ್ಚಿದರೆ ಅರ್ಧ ಕೆಲಸ ಆಯಿತು. ದೀಪಾವಳಿಯಲ್ಲಿ ಓಡಿಹೋಗುವುದು ಪಟಾಕಿಯ ಭಯಕ್ಕೆ. ಆ ದಿನಗಳಲ್ಲಿ ಕತ್ತಲಾಗುವ ಮೊದಲೇ ಮನೆಯೊಳಗೆ ಸೇರಿಸಿ, ರೇಡಿಯೋ ಹಾಕಿಡಿ. ಇದು ನಮ್ಮ ಜಾಹೀರಾತಲ್ಲ, ಹೊರಗಿನ ಸದ್ದು ಅಷ್ಟರಮಟ್ಟಿಗೆ ಮರೆಯಾಗುತ್ತದೆ.

ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋಗಿ ಸಂಜೆ ಬರುವ ಮನೆಗಳಲ್ಲಿ ನಾಯಿ ಬೇಸರಕ್ಕೇ ಅಗೆಯುತ್ತದೆ. ಸರಪಳಿ ಬಿಗಿದರೆ ಆ ಬೇಸರ ಇನ್ನೂ ಹೆಚ್ಚುತ್ತದೆ. ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕ್ರೌರ್ಯ ಎಂದೇ ಎಣಿಸುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು, ಸಂಜೆ ಇನ್ನೊಮ್ಮೆ ಬೀದಿ ಸುತ್ತಿಸಿ. ಅಲ್ಲಲ್ಲಿ ನಿಂತು ಮೂಸುತ್ತದೆ, ಮೂಸಲಿ, ಎಳೆಯಬೇಡಿ. ಅಗೆಯುವುದೇ ಅದಕ್ಕೆ ಆಟವಾಗಿದ್ದರೆ ನೆರಳಿನ ಮೂಲೆಯೊಂದರಲ್ಲಿ ಒಂದಡಿ ಆಳಕ್ಕೆ ಮರಳು ತುಂಬಿ, ಅದರೊಳಗೆ ಚಪಾತಿ ಚೂರು, ಚೆಂಡು ಹೂತಿಡಿ. ಮೊದಲ ಸಲ ಅರ್ಧ ಕಾಣುವ ಹಾಗಿರಲಿ. ಬೇರೆ ಕಡೆ ಕೆರೆಯಲು ಶುರು ಮಾಡಿದಾಗ ಗದರದೆ ಇಲ್ಲಿಗೆ ಕರೆತನ್ನಿ. ಬೇಯಿಸಿದ ಕೋಳಿ ಮೂಳೆ ಮಾತ್ರ ಹೂಳಬೇಡಿ, ಅದು ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ.

ಬೇಲಿಗೆ ಮಾಡುವ ಕೆಲಸ ಒಂದಿದೆ, ಖರ್ಚು ಜಾಸ್ತಿ ಇಲ್ಲ. ಮೂರಡಿ ಅಗಲದ ಕಬ್ಬಿಣದ ಜಾಲರಿ ತಂದು ಉದ್ದಕ್ಕೂ ಮಡಚಿ. ಒಂದಡಿ ಬೇಲಿಗೆ ಒತ್ತಿ ತಂತಿಯಿಂದ ಬಿಗಿಯಿರಿ, ಉಳಿದ ಎರಡಡಿ ಅಂಗಳದ ಕಡೆಗೆ ನೆಲದ ಮೇಲೆ ಹಾಸಿರಲಿ. ಚೂಪಾದ ತುದಿಗಳನ್ನು ಕೆಳಕ್ಕೆ ಮಡಚಿ, ಗೂಟ ಹೊಡೆದು, ಮೇಲೆ ಕಲ್ಲು ಮಣ್ಣು ಹರಡಿ. ಒಂದು ಮಳೆಗಾಲದಲ್ಲಿ ಹುಲ್ಲು ಬೆಳೆದು ಜಾಲರಿ ಕಾಣುವುದೇ ಇಲ್ಲ. ನಾಯಿ ತೋಡುವುದು ಬೇಲಿಯ ಬುಡದಲ್ಲೇ. ಕಾಲಿಗೆ ಜಾಲರಿ ಸಿಕ್ಕಿದರೆ ಅಲ್ಲೇ ಕೆರೆದು ಕೆರೆದು ಬಿಡುತ್ತದೆ, ಎರಡಡಿ ಹಿಂದೆ ಸರಿದು ತೋಡುವ ಯೋಚನೆ ಹೆಚ್ಚಿನವಕ್ಕೆ ಬರುವುದಿಲ್ಲ. ಗೇಟಿನ ಅಡಿಗೆ ಸಿಮೆಂಟು ಪಟ್ಟಿ ಹಾಕಿಸಿ, ಇಲ್ಲವೇ ಕಲ್ಲು ಚಪ್ಪಡಿ ನಿಲ್ಲಿಸಿ ಹೂಳಿ. ಕಾಂಪೌಂಡಿನಲ್ಲಿ ಮಳೆನೀರು ಹೋಗಲು ಬಿಟ್ಟ ತೂತಿಗೆ ಸರಳು ಕೂರಿಸಲು ಮರೆಯಬೇಡಿ. ಸಣ್ಣ ನಾಯಿಗಳಿಗೆ ಅದೇ ಹೆಬ್ಬಾಗಿಲು.

ಗುಂಡಿಗೆ ಖಾರದ ಪುಡಿ ಎರಚುವುದು, ನುಸಿಗುಳಿಗೆ ಹಾಕುವುದು, ಗೋಡೆಯ ಮೇಲೆ ಗಾಜಿನ ಚೂರು ನೆಡುವುದು, ಇವೆಲ್ಲ ಬೇಡ. ಖಾರ ಕಣ್ಣು ಸುಡುತ್ತದೆ, ನುಸಿಗುಳಿಗೆ ನಾಯಿಗೆ ವಿಷ. ಗಾಜಿನಿಂದ ಹೊಟ್ಟೆ ಸೀಳಿಸಿಕೊಂಡ ನಾಯಿಗಳಿಗೆ ಹೊಲಿಗೆ ಹಾಕುವವರು ನಾವೇ. ಸಂಜೆ ಬಂದು ಬೆಳಗಿನ ಗುಂಡಿ ತೋರಿಸಿ ಬಡಿದರೂ ಉಪಯೋಗವಿಲ್ಲ, ಪೆಟ್ಟು ಯಾಕೆ ಬಿತ್ತೆಂದು ಅದಕ್ಕೆ ತಿಳಿಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ದಿನ ತಪ್ಪಿಸಿಕೊಂಡು ಹೋಯಿತು ಅಂತಿಟ್ಟುಕೊಳ್ಳಿ. ಹಿಂದೆ ಬಿದ್ದು ಓಡಿದರೆ ಅದಕ್ಕೆ ಆಟ, ಇನ್ನೂ ಜೋರಾಗಿ ಓಡುತ್ತದೆ. ಹೆಸರು ಕರೆದು ನೀವೇ ಮನೆಯ ಕಡೆಗೆ ಓಡಿ, ಬೆನ್ನು ಹತ್ತಿ ಬರುವುದುಂಟು. ಬಂದ ಮೇಲೆ ಹೊಡೆಯಬೇಡಿ, ಹೊಡೆದರೆ ಮುಂದಿನ ಸಲ ಕರೆದಾಗ ಹತ್ತಿರ ಬರುವುದಿಲ್ಲ. ತಿನ್ನಲು ಏನಾದರೂ ಕೊಟ್ಟು ಒಳಗೆ ಕರೆದುಕೊಳ್ಳಿ. ಮೈಮೇಲೆ ಕಚ್ಚಿದ ಗಾಯ ಇದೆಯೇ ಅಂತ ಕೂದಲು ಬಿಡಿಸಿ ನೋಡಿ. ಇದ್ದರೆ ಬರಿಗೈಯಲ್ಲಿ ಮುಟ್ಟದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಹುಚ್ಚುನಾಯಿ ರೋಗದ ಲಸಿಕೆ ಹಿಂದೆ ಹಾಕಿಸಿದ್ದರೂ ಅದೇ ದಿನ ವೈದ್ಯರ ಬಳಿ ಕರೆತನ್ನಿ. ಲಸಿಕೆಯ ಪುಸ್ತಕ ಜೊತೆಗಿರಲಿ. ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರು ಇನ್ನೂ ಬರೆಸಿಲ್ಲದಿದ್ದರೆ ಆ ಕೆಲಸವನ್ನೂ ಇವತ್ತೇ ಮಾಡಿ.

ನಮಸ್ಕಾರ.