ಮೇಷ್ಟ್ರ ಕಣ್ಣು ಎಲ್ಲಿದೆ?

ಒಂದು ಕ್ಲಾಸ್ ನನಗೆ ಮರೆಯುವುದೇ ಇಲ್ಲ. ಭಿನ್ನರಾಶಿ ಪಾಠ ಮುಗಿದಿತ್ತು. ಕೊನೆಯ ಹತ್ತು ನಿಮಿಷಕ್ಕೆ ಅಂತ ಲ್ಯಾಬಿನ ಟ್ಯಾಬ್‌ಗಳನ್ನು ತಂದು ಒಂದು ಕ್ವಿಜ್ ಹಾಕಿದೆ. ಪರದೆ ಮೇಲೆ ಪ್ರಶ್ನೆ, ಹಿಂದೆ ಮ್ಯೂಸಿಕ್ಕು, ಮಕ್ಕಳ ಕೈಯಲ್ಲಿ ನಾಲ್ಕು ಬಣ್ಣದ ಗುಂಡಿ. ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತ್ತು. ಕೂಗಾಟ, ಚಪ್ಪಾಳೆ. ಪಕ್ಕದ ಕ್ಲಾಸಿನ ಟೀಚರ್ ಬಂದು ಬಾಗಿಲಲ್ಲಿ ಇಣುಕಿ ನಕ್ಕು ಹೋದರು. ನಾನಂತೂ ಬೀಗುತ್ತಾ ಮನೆಗೆ ಹೋದೆ.

ಒಂದು ವಾರ ಬಿಟ್ಟು ಅದೇ ಲೆಕ್ಕ ಕೊಟ್ಟೆ, ಈ ಸಲ ಹಾಳೆಯ ಮೇಲೆ. ಸದ್ದೇ ಇಲ್ಲ. ಅವತ್ತು ಮೊದಲ ಸ್ಥಾನ ಬಂದಿದ್ದ ಹುಡುಗ ಪೆನ್ನು ಕಚ್ಚುತ್ತಾ ಕೂತಿದ್ದ. ಹತ್ತಿರ ಹೋಗಿ ಕೇಳಿದೆ, "ಅವತ್ತು ಸರಿ ಮಾಡಿದ್ದೆಯಲ್ಲೋ?" ಅವನು ಸುಳ್ಳು ಹೇಳಲಿಲ್ಲ. "ಸರ್, ಅವತ್ತು ಕೆಂಪು ಒತ್ತಿದೆ, ಸರಿಯಾಯ್ತು" ಅಂದ.

ಕೆಂಪು ಒತ್ತಿದೆ, ಸರಿಯಾಯ್ತು! ಅಷ್ಟೇ.

ತಪ್ಪು ಆ್ಯಪಿನದಲ್ಲ, ನನ್ನದು. ಆ ಹತ್ತು ನಿಮಿಷ ನಾನು ಎಲ್ಲಿ ನೋಡುತ್ತಿದ್ದೆ ಹೇಳಿ? ಪರದೆ ಮೇಲಿನ ಅಂಕಪಟ್ಟಿಯನ್ನು. ಮಕ್ಕಳೂ ಅದನ್ನೇ ನೋಡುತ್ತಿದ್ದರು. ಯಾರಿಗೆ ಏನು ಗೊತ್ತಿಲ್ಲ ಅಂತ ಒಬ್ಬರೂ ನೋಡುತ್ತಿರಲಿಲ್ಲ. ಅವತ್ತಿನಿಂದ ಯಾವ ಹೊಸ ಟೂಲ್ ಬಂದರೂ ನಾನು ಕೇಳುವುದು ಒಂದೇ ಪ್ರಶ್ನೆ. ಇದನ್ನು ಬಳಸುವಾಗ ನನ್ನ ಕಣ್ಣು ಎಲ್ಲಿರುತ್ತದೆ? ಮಕ್ಕಳ ಕಡೆ ತಿರುಗಿಸಿದರೆ ಇಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ, ಎಷ್ಟೇ ಚೆನ್ನಾಗಿದ್ದರೂ, ಅನ್‌ಇನ್‌ಸ್ಟಾಲ್.

ಹಾಗಾಗಿ ಇದು "ಶಿಕ್ಷಕರಿಗೆ 50 ಆ್ಯಪ್‌ಗಳು" ಥರದ ವಿಡಿಯೊ ಅಲ್ಲ. ಐವತ್ತು ಆ್ಯಪ್ ಅಂದರೆ ಐವತ್ತು ಪಾಸ್‌ವರ್ಡ್. ಯಾರಿಗೆ ಬೇಕು ಆ ಗೋಳು?

ಮೊದಲು ಕ್ವಿಜ್ ವಿಷಯವನ್ನೇ ಮುಗಿಸೋಣ. ಕಹೂಟ್ ಥರದ ಆಟಗಳಲ್ಲಿ ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ನೀವು ಏನೂ ಬದಲಾಯಿಸದಿದ್ದರೆ ಅದು ಹಾಗೇ ನಡೆಯುತ್ತದೆ. ಆದರೆ ಪ್ರಶ್ನೆ ಬರೆಯುವ ಜಾಗದಲ್ಲೇ ಸಮಯ ಹೆಚ್ಚಿಸಬಹುದು, ಅಂಕ ಬೇಡ ಅಂತಲೂ ಇಡಬಹುದು. ಇದನ್ನು ಎಷ್ಟೋ ಜನ ನೋಡಿಯೇ ಇರುವುದಿಲ್ಲ. ನಾನೂ ನೋಡಿರಲಿಲ್ಲ.

ಈ ಆತುರ ಆ್ಯಪ್‌ಗಳಿಗೆ ಮಾತ್ರ ಅಂಟಿದ್ದಲ್ಲ ಬಿಡಿ. ಮೇರಿ ಬಡ್ ರೋ ಅಂತ ಅಮೆರಿಕದ ಒಬ್ಬ ಸಂಶೋಧಕಿ ಇದ್ದರು. 1970ರ ದಶಕದಲ್ಲಿ ಅವರು ತರಗತಿಗಳ ಟೇಪ್ ಕೇಳಿ ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಕಾಯುವುದು ಸುಮಾರು 1 ಸೆಕೆಂಡ್! ಅಷ್ಟರಲ್ಲಿ ಇನ್ನೊಬ್ಬರನ್ನು ಕೇಳುತ್ತಾರೆ, ಇಲ್ಲವೇ ತಾವೇ ಉತ್ತರ ಹೇಳುತ್ತಾರೆ. 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ. ಅಂದರೆ ನಮಗೆ ಬೇಕಾಗಿರುವುದು ನಿಧಾನ ಮಾಡಿಸುವ ಟೂಲ್.

ಅಂಥದ್ದು ಒಂದಿದೆ. ಪ್ಲಿಕರ್ಸ್ ಅಂತ. ಇದರಲ್ಲಿ ಮಕ್ಕಳಿಗೆ ಫೋನೂ ಬೇಡ, ಟ್ಯಾಬೂ ಬೇಡ. ಇಡೀ ಕ್ಲಾಸಿಗೆ ನಿಮ್ಮದೊಂದು ಫೋನ್ ಸಾಕು. ಒಂದೊಂದು ಮಗುವಿಗೆ ಒಂದೊಂದು ಕಾಗದದ ಕಾರ್ಡ್. ಅದರ ಮೇಲೆ ಕ್ಯೂಆರ್ ಕೋಡಿನ ಹಾಗೆ ಕಾಣುವ ಕಪ್ಪು ಚಿತ್ರ, ನಾಲ್ಕು ಬದಿಗೆ ಸಣ್ಣದಾಗಿ ಎ, ಬಿ, ಸಿ, ಡಿ. ಯಾವ ಉತ್ತರವೋ ಆ ಬದಿ ಮೇಲೆ ಬರುವಂತೆ ಹಿಡಿಯಬೇಕು. ನೀವು ಫೋನ್ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಯಾರು ಏನು ಹಿಡಿದಿದ್ದಾರೆ ಅಂತ ಫೋನಿನಲ್ಲಿ ಬಂದುಬಿಡುತ್ತದೆ. ಒಬ್ಬೊಬ್ಬರ ಚಿತ್ರ ಬೇರೆ ಬೇರೆ, ಅಕ್ಷರಗಳು ತೀರಾ ಸಣ್ಣವು. ಪಕ್ಕದವರದು ನೋಡಿ ಹಿಡಿಯೋಣ ಅಂದರೂ ಆಗುವುದಿಲ್ಲ.

ನನಗೆ ಇದು ಹಿಡಿಸಿದ್ದು ಏಕೆ ಗೊತ್ತಾ? ಸ್ಕ್ಯಾನ್ ಮಾಡಬೇಕಾದರೆ ಮಕ್ಕಳ ಕಡೆ ತಿರುಗಲೇಬೇಕು. ಕಾರ್ಡ್ ಎತ್ತಿ ಮತ್ತೆ ಇಳಿಸುವವಳು, ಎರಡು ಸಲ ತಿರುಗಿಸಿ ನೋಡುವವನು, ಮುಖದ ಮುಂದೆ ಹಿಡಿದು ಅಡಗಿಕೊಳ್ಳುವವನು, ಎಲ್ಲರೂ ಕಾಣುತ್ತಾರೆ. ಈ ಅನುಮಾನ, ಈ ಹಿಂಜರಿಕೆ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ.

ಕೆಲವು ಅನುಭವದ ಮಾತು. ಕಾರ್ಡ್‌ಗಳನ್ನು ದಪ್ಪ ಕಾಗದದ ಮೇಲೆ ಪ್ರಿಂಟ್ ಮಾಡಿ. ಬಾಳಿಕೆ ಬರಲಿ ಅಂತ ಹೊಳೆಯುವ ಲ್ಯಾಮಿನೇಷನ್ ಹಾಕಿಸಬೇಡಿ, ಬೆಳಕು ಬಿದ್ದು ಫ್ಲಾಶ್ ಹೊಡೆದರೆ ಕ್ಯಾಮೆರಾಗೆ ಓದಲಾಗುವುದಿಲ್ಲ. ನಾನು ಹಾಕಿಸಿ ಮತ್ತೆ ಎಲ್ಲ ಹೊಸದಾಗಿ ಪ್ರಿಂಟ್ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಹಾಜರಿ ನಂಬರನ್ನೇ ಕಾರ್ಡ್ ನಂಬರ್ ಮಾಡಿ. ಆ್ಯಪಿನಲ್ಲಿ ಮಕ್ಕಳ ಪೂರ್ತಿ ಹೆಸರು ಹಾಕಬೇಡಿ, ನಂಬರ್ ಸಾಕು.

ಆದರೆ ಕಾರ್ಡ್ ಎಷ್ಟು ಚೆನ್ನಾಗಿದ್ದರೇನು, ಪ್ರಶ್ನೆ ಚೆನ್ನಾಗಿರಬೇಕಲ್ಲ? ಇಲ್ಲೇ ನಾವು ಸೋಮಾರಿಗಳು. ಒಂದು ಸರಿ ಉತ್ತರ ಬರೆದು, ಮಿಕ್ಕ ಮೂರಕ್ಕೆ ಬಾಯಿಗೆ ಬಂದ ಸಂಖ್ಯೆ ಹಾಕುತ್ತೇವೆ. ಒಂದು ಲೆಕ್ಕ ನೋಡಿ. 1/2 ಕೂಡಿಸು 1/3. ಸರಿ ಉತ್ತರ 5/6. ತಪ್ಪು ಉತ್ತರಗಳಿಗೆ 2/5, 2/6, 1/6 ಕೊಡಿ. 2/5 ಹಿಡಿದ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. 2/6 ಹಿಡಿದ ಮಗುವಿಗೆ ಛೇದ ಒಂದೇ ಆಗಬೇಕು ಅಂತ ಗೊತ್ತು, ಆದರೆ ಮೇಲಿನದನ್ನು ಬದಲಾಯಿಸುವುದು ಮರೆತಿದೆ. 1/6 ಹಿಡಿದ ಮಗು ಗುಣಿಸಿಬಿಟ್ಟಿದೆ. ಈಗ ಕ್ಲಾಸಿನಲ್ಲಿ ಹನ್ನೆರಡು ಜನ 2/5 ಹಿಡಿದಿದ್ದಾರೆ ಅನ್ನಿ. ನಾಳೆ ಎಲ್ಲಿಂದ ಪಾಠ ಶುರು ಮಾಡಬೇಕು ಅಂತ ನನಗೆ ಇವತ್ತೇ ಗೊತ್ತಾಯಿತು, ಅಲ್ವಾ?

ಉತ್ತರ ಬಂದ ತಕ್ಷಣ ಸರಿ ಯಾವುದು ಅಂತ ಹೇಳಿಬಿಡಬೇಡಿ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1991ರಿಂದ ಒಂದು ಪದ್ಧತಿ ಬೆಳೆಸಿದರು. ಮೊದಲು ಒಬ್ಬೊಬ್ಬರೇ ಉತ್ತರ ಕೊಡಬೇಕು. ಆಮೇಲೆ ಪಕ್ಕದವರ ಜೊತೆ ವಾದ ಮಾಡಬೇಕು. ನಂತರ ಅದೇ ಪ್ರಶ್ನೆಗೆ ಮತ್ತೊಮ್ಮೆ ಉತ್ತರ. ಅರ್ಧದಷ್ಟು ಮಕ್ಕಳು ಸರಿ, ಅರ್ಧ ತಪ್ಪು ಇದ್ದಾಗ ಇದು ಭರ್ಜರಿಯಾಗಿ ನಡೆಯುತ್ತದೆ. ಎಲ್ಲರೂ ತಪ್ಪಾಗಿದ್ದರೆ ವಾದ ಮಾಡಿ ಏನು ಬಂತು? ಆಗ ನೀವೇ ಮತ್ತೆ ಹೇಳಿಕೊಡಬೇಕು.

ಸರಿ, ನಮ್ಮ ಕೆಂಪು ಗುಂಡಿ ಹುಡುಗನ ಕಥೆಗೆ ಬರೋಣ. ನಾನು ಮಾಡಿದ ಇನ್ನೊಂದು ತಪ್ಪೇನು? ಪಾಠ ಮುಗಿದ ತಕ್ಷಣ ಕ್ವಿಜ್ ಮಾಡಿ, ಅದನ್ನು ಅಲ್ಲಿಗೇ ಬಿಟ್ಟೆ. 2006ರಲ್ಲಿ ರೋಡಿಗರ್, ಕಾರ್ಪಿಕಿ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಮೂರು ಸಲ ಪುಸ್ತಕ ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದರೆ ಓದಿದವರೇ ಮುಂದೆ, 83% ನೆನಪಿತ್ತು. ಬರೆದವರಿಗೆ 71%. ಒಂದು ವಾರ ಬಿಟ್ಟು ಮಾಡಿದರೆ ಓದಿದವರಿಗೆ ಉಳಿದದ್ದು 40%, ಬರೆದವರಿಗೆ 61%. ಪೂರ್ತಿ ಉಲ್ಟಾ! ಅದೇ ದಿನದ ಕ್ವಿಜ್‌ನಲ್ಲಿ ಬಂದ ಅಂಕ ನೋಡಿ ಬೀಗಬಾರದು ಅಂತ ನನಗೆ ಅರ್ಥವಾಗಿದ್ದು ಇದನ್ನು ಓದಿದ ಮೇಲೆ.

ಹಾಗಾಗಿ ಈಗ ನನ್ನ ಕಂಪ್ಯೂಟರಿನಲ್ಲಿ ಒಂದು ಸ್ಲೈಡ್ ಫೈಲ್ ಇದೆ. ಹೆಸರು "ಹಳೇ ಬಾಕಿ". ಪ್ರತಿ ಕ್ಲಾಸಿನ ಮೊದಲ ನಾಲ್ಕು ನಿಮಿಷ, ಮೂರು ಪ್ರಶ್ನೆ. ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಅಂಕ ಇಲ್ಲ. ಇದಕ್ಕೆ ಯಾವ ಆ್ಯಪೂ ಬೇಕಿಲ್ಲ. ನಾನು ಬಳಸುವ ಎಲ್ಲ ಟೆಕ್ನಾಲಜಿಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಬಡಪಾಯಿ ಫೈಲೇ.

ಇನ್ನು ಕೆಲವು ಸಣ್ಣ ಚಮತ್ಕಾರ, ಬೇಗ ಬೇಗ ಹೇಳಿಬಿಡುತ್ತೇನೆ.

ಸ್ಲೈಡ್ ತೋರಿಸುತ್ತಿರುವಾಗ ಕೀಬೋರ್ಡಿನಲ್ಲಿ ಬಿ ಅಕ್ಷರ ಒತ್ತಿ. ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ವಾಪಸ್. ಪವರ್‌ಪಾಯಿಂಟ್, ಗೂಗಲ್ ಸ್ಲೈಡ್ಸ್, ಲಿಬ್ರೆಆಫೀಸ್ ಮೂರರಲ್ಲೂ ಇದೆ. ಮಕ್ಕಳ ಕಣ್ಣು ಪರದೆಯಿಂದ ನಿಮ್ಮ ಕಡೆಗೆ ತಿರುಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನನ್ನನ್ನು ಕೇಳಿದರೆ ಶಿಕ್ಷಕರ ತರಬೇತಿಯ ಮೊದಲ ದಿನವೇ ಇದನ್ನು ಹೇಳಿಕೊಡಬೇಕು. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ನಂಬರ್ ಒತ್ತಿ ಎಂಟರ್ ಹೊಡೆದರೆ ನೇರ ಆ ಸ್ಲೈಡಿಗೇ ಹೋಗುತ್ತದೆ. ಬ್ರೌಸರಿನ ಟ್ಯಾಬ್ ಕೈತಪ್ಪಿ ಮುಚ್ಚಿಹೋಯಿತಾ? ಕಂಟ್ರೋಲ್, ಶಿಫ್ಟ್, ಟಿ. ತಿರುಗಿ ಬರುತ್ತದೆ.

ಗೂಗಲ್ ಡಾಕ್ಸ್‌ನಲ್ಲಿ ವರ್ಕ್‌ಶೀಟ್ ಹಂಚಿದರೆ ಎಲ್ಲರೂ ಒಂದೇ ಹಾಳೆಯ ಮೇಲೆ ಬರೆದು ರಾದ್ಧಾಂತ ಆಗುತ್ತದೆ. ಲಿಂಕಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ "ಎಡಿಟ್" ಅಂತ ಇರುತ್ತದೆ. ಆ ಪದದಿಂದ ಮುಂದಿನದೆಲ್ಲ ಅಳಿಸಿ, ಇಂಗ್ಲಿಷಿನಲ್ಲೇ "ಕಾಪಿ" ಅಂತ ಬರೆದು ಕಳಿಸಿ. ಒತ್ತಿದವರಿಗೆಲ್ಲ ಅವರವರದೇ ಪ್ರತಿ ಸಿಗುತ್ತದೆ. ಯಾವ ಲಿಂಕನ್ನೇ ಆಗಲಿ, ಕಳಿಸುವ ಮೊದಲು ಇನ್‌ಕಾಗ್ನಿಟೊ ವಿಂಡೋದಲ್ಲಿ, ಅಂದರೆ ನೀವು ಲಾಗಿನ್ ಆಗಿರದ ಬ್ರೌಸರ್ ವಿಂಡೋದಲ್ಲಿ, ತೆರೆದು ನೋಡಿ. ಅಲ್ಲಿ ತೆರೆದುಕೊಂಡರೆ ಲಿಂಕ್ ಸಿಕ್ಕ ಯಾರಿಗಾದರೂ ತೆರೆಯುತ್ತದೆ ಅಂತ ಅರ್ಥ. ವರ್ಕ್‌ಶೀಟ್ ಆದರೆ ಒಳ್ಳೆಯದೇ. ಮಕ್ಕಳ ಅಂಕಪಟ್ಟಿ ಆದರೆ ಎದೆ ಧಸಕ್ಕೆನ್ನಬೇಕು.

ವಿಜ್ಞಾನದವರಿಗೆ ಒಂದು ಮಾತು. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಫೆಟ್ ಅನ್ನುವ ಉಚಿತ ಸಿಮ್ಯುಲೇಷನ್‌ಗಳಿವೆ, ಅಂದರೆ ಪರದೆ ಮೇಲೆಯೇ ಮಾಡಿ ನೋಡುವ ಪ್ರಯೋಗಗಳು. ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಸರ್ಕ್ಯೂಟ್ ಜೋಡಿಸುವ ಒಂದರಲ್ಲಿ ಶಾರ್ಟ್ ಮಾಡಿದರೆ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಮಕ್ಕಳು ಅದನ್ನೇ ಹತ್ತು ಸಲ ಮಾಡುತ್ತಾರೆ, ಮಾಡಲಿ. ಆದರೆ ಸ್ವಿಚ್ ಒತ್ತುವ ಮೊದಲು "ಏನಾಗುತ್ತೆ, ಬರೆದಿಡಿ" ಅನ್ನಿ. ಬರೆಯದೆ ಒತ್ತಿದರೆ ಅದು ಬರೀ ಪಟಾಕಿ.

ಈಗ ಎಲ್ಲರೂ ಕೇಳುವ ವಿಷಯ. ಎಐ.

ನಾನು ಬಳಸುತ್ತೇನೆ. ಆಗಲೇ ಹೇಳಿದೆನಲ್ಲ, ತಪ್ಪು ಉತ್ತರಗಳನ್ನು ಯೋಚಿಸಿ ಇಡಬೇಕು ಅಂತ. ಅದಕ್ಕೆ ಚಾಟ್‌ಜಿಪಿಟಿ ಥರದವು ಒಳ್ಳೆಯ ಜೊತೆಗಾರರು. "ಈ ಲೆಕ್ಕದಲ್ಲಿ ಮಕ್ಕಳು ಮಾಡುವ ಹತ್ತು ತಪ್ಪು ಹೇಳು, ಪ್ರತಿ ತಪ್ಪಿಗೂ ಬರುವ ಉತ್ತರ ಹೇಳು" ಅಂದರೆ ಪಟ್ಟಿ ಕೊಡುತ್ತದೆ. ಹತ್ತರಲ್ಲಿ ನಾಲ್ಕು ನನಗೇ ಹೊಳೆದಿರುವುದಿಲ್ಲ. ಒಂದೆರಡು ಶುದ್ಧ ಕಟ್ಟುಕಥೆ ಇರುತ್ತವೆ, ಲೆಕ್ಕವೇ ತಪ್ಪಿರುತ್ತದೆ. ಒಂದೊಂದನ್ನೂ ಕೈಯಲ್ಲಿ ಮಾಡಿ ನೋಡದೆ ಕ್ಲಾಸಿಗೆ ಒಯ್ಯುವುದಿಲ್ಲ. ಮಕ್ಕಳ ಹೆಸರು, ಮಕ್ಕಳ ಬರಹ, ಅವರ ಮನೆ ವಿಷಯ ಅದಕ್ಕೆ ಕೊಡುವುದೇ ಇಲ್ಲ. ಕಾಪಿ ತಿದ್ದಲೂ ಕೊಡುವುದಿಲ್ಲ. ತಿದ್ದುವಾಗಲೇ ಅಲ್ಲವೇ ಮಗು ಎಲ್ಲಿ ಎಡವಿದೆ ಅಂತ ನನ್ನ ಕಣ್ಣಿಗೆ ಬೀಳುವುದು?

ಇನ್ನು ಇದು ಎಐ ಬರೆದದ್ದೋ ಮಗು ಬರೆದದ್ದೋ ಅಂತ ಹೇಳುವ ಪತ್ತೆದಾರಿ ಟೂಲ್‌ಗಳು. ದಯವಿಟ್ಟು ಇವುಗಳ ಮಾತು ಕೇಳಿ ಮಕ್ಕಳನ್ನು ಬೈಯಬೇಡಿ. ನಾನು ಒಂದು ಸಲ ಬೈದೆ. ಹುಡುಗಿ ಏನೂ ಹೇಳದೆ ನನ್ನ ಎದುರಿಗೇ ಕೂತು ಅದೇ ವಿಷಯದ ಮೇಲೆ ಇನ್ನೊಂದು ಪ್ಯಾರಾ ಬರೆದು ಕೊಟ್ಟಳು. ಮೊದಲಿನದಕ್ಕಿಂತ ಚೆನ್ನಾಗಿತ್ತು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಟೂಲ್ ಬಿಟ್ಟಿತ್ತು. ಎಐ ಬರಹದಲ್ಲಿ ಅದು ಹಿಡಿದದ್ದು 26% ಮಾತ್ರ, ಮನುಷ್ಯರು ಬರೆದದ್ದರಲ್ಲಿ 9%ಕ್ಕೆ ಸುಳ್ಳು ಆರೋಪ. ಹಾಗಂತ ಅವರೇ ಹೇಳಿಕೊಂಡಿದ್ದರು. ಜುಲೈ ಹೊತ್ತಿಗೆ ವಾಪಸ್ ತೆಗೆದರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಏಳು ಪತ್ತೆದಾರಿಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಕೈಯಾರೆ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯನ್ನು "ಎಐ ಬರೆದದ್ದು" ಅಂದವು. ಸರಳ ಪದ ಬಳಸಿದ್ದೇ ಆ ಮಕ್ಕಳ ಅಪರಾಧ.

ಅನುಮಾನ ಬಂದರೆ ಏನು ಮಾಡುವುದು? ಮಗುವನ್ನು ಪಕ್ಕ ಕೂರಿಸಿಕೊಂಡು ಎರಡು ನಿಮಿಷ ಮಾತಾಡಿ. "ಈ ಸಾಲು ಚೆನ್ನಾಗಿದೆ, ಇದರ ಅರ್ಥ ಹೇಳು ನೋಡೋಣ." ತಾನೇ ಬರೆದಿದ್ದರೆ ಮಾತು ಬರುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ವರ್ಷನ್ ಹಿಸ್ಟರಿ ಒಟ್ಟಿಗೆ ನೋಡಬಹುದು, ಬರಹ ಹೇಗೆ ಬೆಳೆಯಿತು ಅಂತ ಅಲ್ಲಿ ಕಾಣುತ್ತದೆ. ಒಟ್ಟಿಗೆ ನೋಡಿ. ಬೆನ್ನ ಹಿಂದೆ ಬೇಡ.

ಹ್ಞಾಂ, ಕೆಂಪು ಗುಂಡಿ ಹುಡುಗ. ಹೋದ ವಾರ "ಹಳೇ ಬಾಕಿ"ಯಲ್ಲಿ ಅವನದೇ ಲೆಕ್ಕ ಬಂತು. 1/2 ಕೂಡಿಸು 1/3. ಕಾರ್ಡ್ ಎತ್ತಿದ, ಇಳಿಸಿದ, ಹಾಳೆಯ ಮೂಲೆಯಲ್ಲಿ ಏನೋ ಗೀಚಿದ, ಮತ್ತೆ ಎತ್ತಿದ. ಅಷ್ಟು ಹೊತ್ತೂ ನಾನು ಫೋನ್ ಹಿಡಿದು ಕಾದೆ. ಅವನ ಕಾರ್ಡ್ ಒಂದು ಮೂಲೆಯಲ್ಲಿ ಹರಿದಿದೆ, ಎರಡು ಸಲ ಸ್ಕ್ಯಾನ್ ಆಗಲಿಲ್ಲ. ಇವತ್ತು ರಾತ್ರಿ ಅದೊಂದನ್ನು ಹೊಸದಾಗಿ ಪ್ರಿಂಟ್ ಮಾಡಬೇಕು.